ಸ್ವಲ್ಪ ಗಟ್ಟಿ ಮಾಡಿ

"ಗಟ್ಟಿಯಾಯ್ತು ಕಣೇ ಚುಕ್ಕಿ!"

ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು, ಈಜುಕೊಳದ ಕ್ಲೋರಿನ್ ವಾಸನೆಯನ್ನು ಮನೆತುಂಬ ಹರಡುತ್ತ ಅತ್ತೆ ಒಳಗೆ ಬಂದಳು. ಒಲೆಯ ಮುಂದೆ ಬೆಣ್ಣೆ ಕರಗಿಸುತ್ತಿದ್ದ ಚುಕ್ಕಿ ಸೌಟು ಹಿಡಿದೇ ತಿರುಗಿದಳು.

"ಏನು ಗಟ್ಟಿಯಾಯ್ತು?"

"ಇನ್ನೇನು, ನಿನ್ ಮದುವೆ!"

"ಯಾರ ಜೊತೆ?"

"ನಮ್ಮ ಈಜು ಮೇಷ್ಟ್ರ ಜೊತೆ!"

ಒಲೆಯ ಮೇಲಿನ ಬೆಣ್ಣೆ ಹೊಂಬಣ್ಣ ದಾಟಿ ಕಂದಾಗಿ, ಕಂದು ದಾಟಿ ಕಪ್ಪಾಯಿತು. ಚುಕ್ಕಿಗೆ ಅದರ ಪರಿವೆಯೇ ಇರಲಿಲ್ಲ.

ಅತ್ತೆಯೆಂದರೆ ಅವಳ ಅಪ್ಪನ ಅಕ್ಕ. ಕೆಲಸ ಮಾಡುವ ಕನ್ನಡಕದಂಗಡಿಗೆ ಅತ್ತೆಯ ಮನೆ ಹತ್ತಿರವೆಂದು ಚುಕ್ಕಿ ಇಲ್ಲಿಗೆ ಬಂದಿದ್ದಳು, ಬಂದವಳು ಇಲ್ಲೇ ಉಳಿದಿದ್ದಳು. ಅತ್ತೆ ಟೆಲಿಫೋನ್ ಆಫೀಸಿನಲ್ಲಿ ಅವರಿಗೆ ಇವರನ್ನು, ಇವರಿಗೆ ಅವರನ್ನು ಜೋಡಿಸುತ್ತಲೇ ನಿವೃತ್ತಳಾದವಳು. ಕೆಲಸ ಹೋದರೂ ಚಾಳಿ ಹೋಗಿರಲಿಲ್ಲ. ಆದರೆ ಈಚೆಗೆ ಅವಳು ಜೋಡಿಸಿದ್ದೆಲ್ಲ ರಾಂಗ್ ನಂಬರ್ ಆಗುತ್ತಿತ್ತು. ಹಿಂದೊಮ್ಮೆ "ಹುಡುಗ ಒಪ್ಪಿದಾನೆ, ನಾಳೆನೇ ಬರ್ತಾನೆ" ಎಂದು ಮನೆಯನ್ನೆಲ್ಲ ಗುಡಿಸಿ ಸಾರಿಸಿ ಕೂತಿದ್ದಳು. ಬಂದವನು ಒಪ್ಪಿದ್ದು ಮಹಡಿಯ ಕೋಣೆಯನ್ನು. ಬಾಡಿಗೆಗೆ.

"ಅತ್ತೆ, ಅವ್ರು ಏನಂದ್ರು, ಸರಿಯಾಗಿ ಹೇಳು."

"ಒಂದ್ ಕೈಲಿ ಫೋನಲ್ಲಿ ನಿನ್ ಫೋಟೋ ಹಿಡ್ದಿದ್ದೆ. ಇನ್ನೊಂದ್ ಕೈಲಿ ನಿನ್ ಕುಕೀಸ್ ಡಬ್ಬಿ. ಅವ್ರು ನೀರಲ್ಲಿ ನಿಂತೇ ಒಂದು ಬಾಯಿಗೆ ಹಾಕ್ಕೊಂಡ್ರು. 'ಹೇಗನ್ನಿಸ್ತು?' ಅಂದೆ. 'ತುಂಬಾ ಚೆನ್ನಾಗಿದೆ, ದಿನಾ ಇದ್ರೂ ಬೇಜಾರಾಗಲ್ಲ' ಅಂದ್ರು. 'ಹಾಗಾದ್ರೆ ಮುಂದೇನು?' ಅಂದೆ. 'ಸ್ವಲ್ಪ ಗಟ್ಟಿ ಮಾಡಿ' ಅಂದ್ರು. ಇನ್ನೇನು ಬೇಕು ನಿಂಗೆ?"

"ಸ್ವಲ್ಪ ಯಾಕೆ? ಮದುವೆ ಯಾರಾದ್ರೂ ಸ್ವಲ್ಪ ಗಟ್ಟಿ ಮಾಡ್ತಾರಾ?"

"ಸಂಕೋಚ ಕಣೇ. ಗಂಡಸ್ರಿಗೆ ಪೂರ್ತಿ ಹೇಳೋ ಧೈರ್ಯ ಎಲ್ಲಿದೆ?"

ಚುಕ್ಕಿ ಮುಖ ಗಂಟಿಕ್ಕಿಕೊಂಡಳು. ಒಳಗೊಳಗೆ ಮಾತ್ರ ಅವಳಿಗೆ ಹಾಲು ಕುಡಿದಷ್ಟು ಸಂತೋಷ. ಏಕೆಂದರೆ ಅತ್ತೆಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಆ ಈಜುಗಾರನನ್ನು ಚುಕ್ಕಿ ಆಗಲೇ ಕಂಡಿದ್ದಳು, ತೀರ ಹತ್ತಿರದಿಂದ.

ಕಣ್ಣು ಪರೀಕ್ಷೆ ಮಾಡಿಸಲು ಅವನು ಅಂಗಡಿಗೆ ಬಂದಿದ್ದ. ಕತ್ತಲೆ ಕೋಣೆ, ಎತ್ತರದ ಕುರ್ಚಿ, ಅವಳ ಕೈಯಲ್ಲಿ ಪುಟ್ಟ ದೀಪ. ಅದು ಅವಳ ನಿತ್ಯದ ಕೆಲಸ. ಜನರ ಕಣ್ಣಲ್ಲಿ ಕಣ್ಣಿಟ್ಟು ನೋಡುವುದಕ್ಕೇ ಅವಳಿಗೆ ಸಂಬಳ. ಅಲ್ಲಿಯವರೆಗೂ ಯಾವ ಕಣ್ಣೂ ಅವಳನ್ನು ತಿರುಗಿ ನೋಡಿರಲಿಲ್ಲ.

"ಮೇಲೆ ನೋಡಿ. ಕೆಳಗೆ ನೋಡಿ. ಈಗ ನನ್ನ ಕಿವಿ ನೋಡಿ," ಎಂದಿದ್ದಳು ಎಲ್ಲರಿಗೂ ಹೇಳುವಂತೆ.

ಅವನು ಕಿವಿ ನೋಡಿದ. ಬೇರೆಯವರೂ ನೋಡುತ್ತಾರೆ, ಗೋಡೆ ನೋಡಿದ ಹಾಗೆ. ಇವನು ಕಿವಿಯಿಂದ ಓಲೆಗೆ ಇಳಿದ, ಓಲೆಯಿಂದ ಕೆನ್ನೆಗೆ ಜಾರಿದ, ತಪ್ಪಾಯಿತೆಂಬಂತೆ ಮತ್ತೆ ಕಿವಿಗೆ ಏರಿದ. ಚುಕ್ಕಿಯ ಕಿವಿ ಕಾದು ಕೆಂಪಾಯಿತು. ಕತ್ತಲಿದ್ದದ್ದು ಪುಣ್ಯ.

"ಕಿವಿ ಅಂದೆ," ಎಂದಳು.

"ಕಿವಿನೇ ನೋಡ್ತಿದೀನಿ," ಎಂದ, ಕೆನ್ನೆ ನೋಡುತ್ತ.

ಕನ್ನಡಕ ಕೊಂಡುಹೋದ ಮೇಲೂ ಅವನು ಬರುತ್ತಲೇ ಇದ್ದ. ಸ್ಕ್ರೂ ಸಡಿಲವಾಗಿದೆ ಎನ್ನುವನು. ಮೂಗಿನ ಮೇಲೆ ಒತ್ತುತ್ತಿದೆ ಎನ್ನುವನು. ಕೆಲಸ ಮುಗಿದರೂ ಫ್ರೇಮುಗಳ ಸ್ಟ್ಯಾಂಡನ್ನು ಸುಮ್ಮನೆ ತಿರುಗಿಸುತ್ತ ನಿಲ್ಲುವನು. ಮಾತಿನ ನಡುವೆ, ತಾನು ಈಜು ಕಲಿಸುವವನು ಎಂದ. ಯಾವ ಕೊಳವೆಂದು ತಿಳಿದಾಗ ಚುಕ್ಕಿ ಒರೆಸಿದ ಗಾಜನ್ನೇ ಮತ್ತೆ ಮತ್ತೆ ಒರೆಸಿದಳು. ಮಂಡಿನೋವಿಗೆ ಒಳ್ಳೆಯದೆಂದು ಅತ್ತೆ ದಿನಾ ಈಜು ಕಲಿಯಲು ಹೋಗುತ್ತಿದ್ದದ್ದು ಅಲ್ಲಿಗೇ.

ಆವತ್ತಿನಿಂದ ಅತ್ತೆಯ ಚೀಲದಲ್ಲಿ ಒಂದು ಕೆಂಪು ಡಬ್ಬಿ ಕಾಣಿಸಿಕೊಳ್ಳತೊಡಗಿತು. "ಈಜಿದ್ಮೇಲೆ ಹಸಿವಾಗುತ್ತಂತೆ ಅತ್ತೆ. ಅಲ್ಲಿರೋರಿಗೂ ಕೊಡು, ನಿಮ್ ಮೇಷ್ಟ್ರಿಗೂ ಕೊಡು," ಎಂದು ಯಾವುದೂ ಮನಸ್ಸಿನಲ್ಲಿಲ್ಲದವಳಂತೆ ಹೇಳುತ್ತಿದ್ದಳು. ಕಳ್ಳಿ! ಕುಕೀಸ್ ಮಾಡಿದ್ದು ಯಾರೆಂದು ಅವನಿಗೆ ತಾನಾಗಿ ಹೇಳಲು ನಾಚಿಕೆ. ಅತ್ತೆ ಹೇಳಿರಬಹುದು ಎಂಬ ಆಸೆ. ಅತ್ತೆಯೋ ಊರಿಗೆಲ್ಲ ಹೇಳುವುದು ಒಂದೇ ಮಾತು: "ನಮ್ ಹುಡುಗಿ ಕಣ್ಣಿನ ಡಾಕ್ಟ್ರು." ಚುಕ್ಕಿ ಡಾಕ್ಟರಲ್ಲ, ಕನ್ನಡಕದಂಗಡಿಯವಳು ಎಂದು ತಿದ್ದಿ ತಿದ್ದಿ ಮನೆಯವರಿಗೇ ಸಾಕಾಗಿತ್ತು.

ಈಗ ಅವನೇ ಗಟ್ಟಿ ಮಾಡಿ ಅಂದಿದ್ದಾನೆ! ಆದರೂ ಮಹಡಿಯ ಕೋಣೆಯ ನೆನಪು ಚುಕ್ಕಿಯನ್ನು ಚುಚ್ಚಿತು. ಇದೊಂದು ಮಾತು ಮಾತ್ರ ಅತ್ತೆಯ ಲೈನಿನಲ್ಲಿ ಬರುವುದು ಬೇಡ, ಅವನ ಬಾಯಿಂದಲೇ ಕೇಳಬೇಕು ಎಂದುಕೊಂಡಳು.

"ನಾಳೆ ಭಾನುವಾರ ಅಲ್ವಾ. ಡಬ್ಬಿ ನಾನೇ ತರ್ತೀನಿ," ಎಂದಳು.

"ತರ್ತೀಯಮ್ಮ, ತರ್ತೀಯ," ಎಂದು ಅತ್ತೆ ಟವೆಲ್ಲಿನೊಳಗೇ ನಕ್ಕಳು.

ಆ ಸಂಜೆ ಚುಕ್ಕಿ ಕುಕೀಸ್ ಮಾಡಿದ್ದನ್ನು ನೋಡಬೇಕಿತ್ತು. ಸೀದ ಬೆಣ್ಣೆ ಚೆಲ್ಲಿ ಹೊಸ ಬೆಣ್ಣೆ ಕರಗಿಸಿದಳು. ಕಂದು ಸಕ್ಕರೆ ಹಾಕಿ ನುಣ್ಣಗೆ ಕಡೆದಳು, ಮೊಟ್ಟೆ ಒಡೆದು ಹಾಕಿದಳು, ವೆನಿಲ್ಲಾದ ಬಾಟಲಿಯನ್ನು ಬಗ್ಗಿಸುವಾಗ ಕೈ ಸ್ವಲ್ಪ ಧಾರಾಳವಾಯಿತು. ಅಂಗಡಿಯ ಸಿದ್ಧ ಚಿಪ್ಸ್ ಅವಳಿಗೆ ಆಗದು. ಚಾಕಲೇಟಿನ ಗಟ್ಟಿ ಬಾರನ್ನು ಚಾಕುವಿನಿಂದ ತಾನೇ ಕೊಚ್ಚುವಳು. ದೊಡ್ಡ ಚೂರು ಬಾಯಿಗೆ ಸಿಗಬೇಕು, ಪುಡಿ ಹಿಟ್ಟಿಗೆ ಬಣ್ಣ ಕೊಡಬೇಕು. ಹಿಟ್ಟನ್ನು ಫ್ರಿಜ್ಜಿನಲ್ಲಿ ತಣಿಯಲಿಟ್ಟು, ಉಂಡೆ ಕಟ್ಟಿ, ಮೇಲೆ ಉಪ್ಪಿನ ಹರಳು ಉದುರಿಸಿ ಓವನ್ನಿಗೆ ತಳ್ಳಿದಳು. ಅಂಚು ಮಾತ್ರ ಬೆಂದು ನಡು ಇನ್ನೂ ಹಸಿಯಿರುವಾಗಲೇ ಹೊರಗೆ ತೆಗೆಯುವುದು ಅವಳ ಹೆಮ್ಮೆ. ಎತ್ತಿದರೆ ಬಾಗಬೇಕು, ಕಚ್ಚಿದರೆ ಕರಗಬೇಕು.

"ಕುಣೀತಾ ಕುಣೀತಾ ಟ್ರೇ ಬೀಳಿಸೀಯ," ಎಂದಳು ಅತ್ತೆ ಬಾಗಿಲಲ್ಲಿ ನಿಂತು.

"ನಾನೆಲ್ಲಿ ಕುಣೀತಿದೀನಿ?"

"ಹಾಗಾದ್ರೆ ನೆಲ ಕುಣೀತಿರ್ಬೇಕು ಬಿಡು."

ಬೆಳಿಗ್ಗೆ ಚುಕ್ಕಿ ತನ್ನ ಹಳದಿ ಉಡುಪು ತೊಟ್ಟು ಹೋದಳು. ಕೊಳದ ಛಾವಣಿಯಡಿ ಮಕ್ಕಳ ಕೇಕೆ, ಸೀಟಿ, ನೀರು ಬಡಿಯುವ ಸದ್ದು ಎಲ್ಲ ಸೇರಿ ಮೊಳಗುತ್ತಿತ್ತು. ಅವನು ಸೊಂಟದಮಟ್ಟ ನೀರಿನಲ್ಲಿ ನಿಂತು ಒಂದು ಮಗುವಿನ ಹೊಟ್ಟೆಗೆ ಅಂಗೈ ಕೊಟ್ಟು ತೇಲಿಸುತ್ತಿದ್ದ. ತಲೆಗೆ ಟೋಪಿ, ಕಿವಿಗೆ ನೀರು ಹೋಗದಂತೆ ಮೇಣದ ಬಿರಡೆ. ಚುಕ್ಕಿ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಡಬ್ಬಿ ಚಾಚಿದಳು. ಅವನು ನೇರವಾಗಿ ಅವಳತ್ತ ನೋಡಿ, ಗುರುತಿಲ್ಲದವರಿಗೆ ನಗುವ ಹಾಗೆ ಮರ್ಯಾದೆಯಾಗಿ ನಕ್ಕ.

"ಓ, ಟೆಲಿಫೋನ್ ಮೇಡಂ ಮನೆಯವ್ರಾ? ಕೆಂಪು ಡಬ್ಬಿ ನೋಡಿ ಗೊತ್ತಾಯ್ತು!"

ಡಬ್ಬಿ ಗೊತ್ತಾಯಿತಂತೆ, ತಾನು ಗೊತ್ತಾಗಲಿಲ್ಲವೇ? ಜನರೆದುರು ನಾಚುತ್ತಿದ್ದಾನೆ ಎಂದು ಚುಕ್ಕಿ ಸಮಾಧಾನ ತಂದುಕೊಂಡು, ಹೇಗೋ ಬಾಯಿಬಿಟ್ಟಳು.

"ನೀವು... ಗಟ್ಟಿ ಮಾಡಿ ಅಂದ್ರಂತೆ?"

ಅವನು ಕೈಯನ್ನು ಕಿವಿಗೆ ಮೊರದಂತೆ ಹಿಡಿದ. ಕಿವಿ ಮುಚ್ಚಿಕೊಂಡವರೆಲ್ಲ ಮಾತಾಡುವ ಹಾಗೆ ಕೊಳಕ್ಕೆಲ್ಲ ಕೇಳುವಂತೆ ಕೂಗಿದ.

"ಗಟ್ಟಿನಾ? ಹೂಂ ಹೂಂ, ಗಟ್ಟಿನೇ! ರುಚಿ ಅಂದ್ರೆ ರುಚಿ, ಆದ್ರೆ ತುಂಬಾ ಮೆತ್ತಗೆ! ನಂಗೆ ಬಿಸಿ ಹಾಲಿಗೆ ಅದ್ದಿ ತಿನ್ನೋ ಹುಚ್ಚು. ಅದ್ದಿದ್ರೆ ಅರ್ಧ ಕೈಯಲ್ಲಿ, ಅರ್ಧ ಲೋಟದ ತಳದಲ್ಲಿ! ಮುಳುಗೋರನ್ನ ಎತ್ತೋದೇ ನನ್ ಕೆಲಸ, ಆದ್ರೂ ಇದುವರೆಗೂ ಒಂದನ್ನೂ ಉಳಿಸೋಕಾಗಿಲ್ಲ!"

ಅಲ್ಲಿಗೆ ಎಲ್ಲ ತಿಳಿಯಿತು. ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು ಚುಕ್ಕಿಗೆ. ಸದ್ದಿಲ್ಲದೆ ಎದ್ದು ಹೋಗಿಬಿಡೋಣವೆಂದುಕೊಂಡಳು. ಅದೇ ಹೊತ್ತಿಗೆ ಬಟ್ಟೆ ಬದಲಿಸುವ ಕೋಣೆಯಿಂದ ಅತ್ತೆ ಹೊರಬಂದಳು.

"ಮೇಷ್ಟ್ರೇ! ಹಾಗಾದ್ರೆ ದಿನ ಯಾವಾಗ ಇಟ್ಕೊಳ್ಳೋಣ?" ಟೆಲಿಫೋನ್ ಆಫೀಸಿನ ಗಂಟಲು, ಯಾವ ಬಿರಡೆಯನ್ನೂ ದಾಟಿ ಹೋಗುವಂಥದ್ದು.

"ಯಾವುದಕ್ಕೆ?"

"ಮದುವೆಗೆ! ನೀವೇ ಅಲ್ವಾ ಗಟ್ಟಿ ಮಾಡಿ ಅಂದಿದ್ದು!"

ಅವನು ನೀರು ಕುಡಿದ. ಈಜು ಕಲಿಸುವವನು ಸೊಂಟದಮಟ್ಟ ನೀರಿನಲ್ಲಿ ನಿಂತು ನೀರು ಕುಡಿದದ್ದನ್ನು ಕಂಡು ಮಕ್ಕಳೆಲ್ಲ ಬಿದ್ದೂ ಬಿದ್ದೂ ನಕ್ಕವು.

"ಕುಕೀಸು! ನಾನು ಹೇಳಿದ್ದು ಕುಕೀಸಿಗೆ!" ಎಂದು ಕೆಮ್ಮಿದ. ಆಮೇಲೆ ಚುಕ್ಕಿಯ ಕಡೆಗೆ ತಿರುಗಿ ದನಿ ಇಳಿಸಿದ. "ನೋಡಿ, ತಪ್ಪು ತಿಳ್ಕೋಬೇಡಿ. ನಿಮ್ಮನ್ನ ನಾನು ನೋಡೂ ಇಲ್ಲ. ನನ್ ಮನಸ್ಸಲ್ಲಿ ಬೇರೆ ಒಬ್ರಿದಾರೆ."

ನೋಡೂ ಇಲ್ಲ! ಕಿವಿ, ಓಲೆ, ಕೆನ್ನೆ ಎಲ್ಲ ನೋಡಿ, ಈಗ ನೋಡೂ ಇಲ್ಲವಂತೆ! ಚುಕ್ಕಿ ಡಬ್ಬಿಯನ್ನು ಕಂಕುಳಿಗೆ ಸೇರಿಸಿ ಕಾಲಿಗೆ ಬುದ್ಧಿ ಹೇಳಿದಳು. ಜಾರುವ ನೆಲ ಎಂಬ ಬೋರ್ಡು ಇದ್ದಲ್ಲೂ ಓಡಿದಳು.

ಅತ್ತೆ ಮನೆಗೆ ಬಂದಾಗ ಅವಳು ಹಿಟ್ಟು ಕಲಸುತ್ತಿದ್ದಳು. ಕಲಸುವುದೇನು, ಗುದ್ದುತ್ತಿದ್ದಳು.

"ನಂದೇ ತಪ್ಪು ಕಣೇ," ಎಂದಳು ಅತ್ತೆ, ದನಿ ಸಣ್ಣದಾಗಿ. "ಇನ್ಮೇಲೆ ಯಾರ ವಿಷಯಕ್ಕೂ ಹೋಗಲ್ಲ. ನಿಂಗೆ ಆ ಹುಡುಗ ಅಷ್ಟೊಂದು ಇಷ್ಟನಾ?"

ಚುಕ್ಕಿ ಸುಳ್ಳು ಹೇಳಲಿಲ್ಲ. "ತುಂಬಾ ಇಷ್ಟ ಅತ್ತೆ," ಎಂದಳು, ಮೂಗು ಒರೆಸಿಕೊಂಡು. ಮೂಗಿಗೆ ಹಿಟ್ಟು ಮೆತ್ತಿತು.

"ಮತ್ತೆ ಅವ್ನು ಬೇಡ ಅಂದ್ಮೇಲೂ ಯಾಕೆ ಮಾಡ್ತಿದೀಯ ಇದನ್ನ?"

"ಅವ್ರು ಬೇಡ ಅಂದಿದ್ದು ನನ್ನ. ನನ್ ಕುಕೀಸ್ ಮುಳುಗುತ್ತೆ ಅಂತ ಅಷ್ಟು ಜನರ ಮುಂದೆ ಹೇಳ್ಬಿಟ್ರಲ್ಲ, ಅದನ್ನ ಹಾಗೇ ಬಿಡೋಕಾಗುತ್ತಾ?"

ಪ್ರೀತಿ ಹೋದರೆ ಹೋಗಲಿ, ಕೈಗುಣದ ಮರ್ಯಾದೆ ಹೋಗಬಾರದು. ಕಂದು ಸಕ್ಕರೆ ತಗ್ಗಿಸಿ ಬಿಳಿ ಸಕ್ಕರೆ ಏರಿಸಿದಳು. ಉಂಡೆಗಳನ್ನು ಅಂಗೈಯಿಂದ ತಟ್ಟಿ ತೆಳ್ಳಗೆ ಮಾಡಿದಳು. ಉರಿ ತಗ್ಗಿಸಿ, ನಡುವೂ ಒಣಗಿ ಗರಿಯಾಗುವವರೆಗೆ ಓವನ್ನಿನ ಗಾಜಿಗೆ ಮುಖ ಕೊಟ್ಟು ಕಾದಳು. ಆರಿದ ಮೇಲೆ ಮುರಿದರೆ ಟಪ್ಪೆಂದು ಸದ್ದು. ಬಿಸಿ ಹಾಲಿಗೆ ಅದ್ದಿದಳು. ಹಾಲು ಕುಡಿದು ಅದು ಮೆತ್ತಗಾಯಿತು, ಒಳಗಿನ ಚಾಕಲೇಟು ಕರಗಿ ಹಾಲಿಗೆ ಕಂದು ಗೆರೆ ಎಳೆಯಿತು. ಆದರೆ ಇಡಿಯಾಗಿಯೇ ಬಾಯಿಗೆ ಬಂತು. ಅಷ್ಟು ಚೆನ್ನಾಗಿತ್ತೆಂದೇ ಅವಳಿಗೆ ಇನ್ನಷ್ಟು ಅಳು ಬಂತು.

ಮರುದಿನ ಅಂಗಡಿ ತೆರೆದು ಗಾಜು ಒರೆಸುತ್ತಿದ್ದಾಗ ಅವನು ಬಂದ. ನೀರಿಗೆ ಕೆಂಪಾದ ಕಣ್ಣು, ಮೂಗಿನ ಮೇಲೆ ಅವಳೇ ಕೂರಿಸಿದ ಕನ್ನಡಕ. ಅವಳನ್ನು ಕಂಡೊಡನೆ ಎಂದಿನಂತೆ ಮುಖ ಅರಳಿತು. ಎಷ್ಟು ಧೈರ್ಯ ಇವನಿಗೆ ಎಂದು ಚುಕ್ಕಿಗೆ ಮೈಯೆಲ್ಲ ಉರಿಯಿತು.

"ಸ್ಕ್ರೂ ಸಡಿಲ ಆಗಿದೆ," ಎಂದ.

"ಗೊತ್ತು," ಎಂದಳು. ಕನ್ನಡಕವನ್ನೇ ನೋಡದೆ ಹೇಳಿದ್ದಳು. ಕೈ ಚಾಚಿ ಇಸಿದುಕೊಂಡು, ಬೆನ್ನು ಮಾಡಿ ನಿಂತು ಸ್ಕ್ರೂ ಬಿಗಿಸತೊಡಗಿದಳು.

"ನಿಮ್ ಹತ್ರ ಒಂದ್ ಮಾತು ಕೇಳ್ಬೇಕು," ಎಂದ ಅವನು. "ನಿನ್ನೆ ದೊಡ್ಡ ಎಡವಟ್ಟಾಯ್ತು. ಪಾಪ, ಒಬ್ರು ಹೆಣ್ಮಗಳ ಮನಸ್ಸು ನೋಯಿಸ್ಬಿಟ್ಟೆ. ಯಾರೋ ಕಣ್ಣಿನ ಡಾಕ್ಟ್ರಂತೆ. ಅಳ್ತಾ ಓಡಿಹೋದ್ರು ಅನ್ಸುತ್ತೆ. ಅವ್ರಿಗೆ ಹೇಗೆ ಸಾರಿ ಹೇಳ್ಬೇಕು ಅಂತ ನೀವೇ ಹೇಳ್ಕೊಡಿ."

ಚುಕ್ಕಿ ತಿರುಗಿದಳು. ಅವನು ಅಷ್ಟೂ ಮಾತನ್ನು ಫ್ರೇಮುಗಳ ಸ್ಟ್ಯಾಂಡಿಗೆ ಹೇಳುತ್ತಿದ್ದ, ಬಹಳ ಭಾವದಿಂದ.

"ನಾನು ಈ ಕಡೆ ಇದೀನಿ," ಎಂದಳು.

"ಹೌದಾ? ಸಾರಿ. ಕನ್ನಡಕ ತೆಗೆದ್ರೆ ನಂಗೆ ನೀವೂ ಅದೂ ಒಂದೇ."

ಅವಳ ಕೈಯಿಂದ ಸ್ಕ್ರೂಡ್ರೈವರ್ ಜಾರಿತು. ಇವನ ನಂಬರು ಅಳೆದವಳು ತಾನು! ನೀರಿನಲ್ಲಿ ಕನ್ನಡಕವಿಲ್ಲದೆ ನಿಂತವನಿಗೆ ಅತ್ತೆಯ ಫೋನಿನ ಫೋಟೋ ಕಂಡೀತು ಹೇಗೆ? ತಾನು ಕಂಡೇನು ಹೇಗೆ? ಪಾಪ, ನೋಡೂ ಇಲ್ಲ ಅಂದವನು ಇದ್ದದ್ದನ್ನೇ ಹೇಳಿದ್ದ. ಊರಿಗೆಲ್ಲ ಕನ್ನಡಕ ಕೊಡುವ ತನಗೇ ಅಷ್ಟು ಕಾಣದೆ ಹೋಯಿತಲ್ಲ! ನಗು ಉಕ್ಕಿ ಬಂತು, ತುಟಿ ಕಚ್ಚಿ ತಡೆದಳು. ಕನ್ನಡಕ ತನ್ನ ಕೈಯಲ್ಲೇ ಇದೆ. ಇಷ್ಟು ಬೇಗ ಕೊಡುವುದುಂಟೇ?

"ನೋಡೋಕೆ ಹೇಗಿದ್ರು ಆ ಡಾಕ್ಟ್ರು?"

"ಹಳದಿಯಾಗಿದ್ರು."

"ಮುಖ?"

"ಮುಖದ ಹತ್ರ ಸ್ವಲ್ಪ ಕಮ್ಮಿ ಹಳದಿ."

"ಅಷ್ಟಕ್ಕೇ ಬೇಡ ಅಂದ್ಬಿಟ್ರಾ? ಮನಸ್ಸಲ್ಲಿ ಬೇರೆ ಯಾರಾದ್ರೂ ಇದಾರೋ?"

ಅವನ ಕತ್ತು ನಿಧಾನಕ್ಕೆ ಕೆಂಪೇರಿತು. "ಇದಾರೆ. ಕನ್ನಡಕ ಕೊಡಿ, ಹೇಳ್ತೀನಿ."

"ಮೊದಲು ಹೇಳಿ, ಆಮೇಲೆ ಕೊಡ್ತೀನಿ."

"ಮತ್ತೆ ಸ್ಟ್ಯಾಂಡಿಗೆ ಹೇಳ್ಬಿಟ್ರೆ?"

ಅದೂ ಸರಿಯೇ. ಚುಕ್ಕಿ ಹತ್ತಿರ ಹೋಗಿ ಕನ್ನಡಕವನ್ನು ತಾನೇ ಅವನಿಗೆ ತೊಡಿಸಿದಳು. ಕಡ್ಡಿಗಳನ್ನು ಕಿವಿಯ ಹಿಂದೆ ಕೂರಿಸಿದಳು, ಬೆರಳ ತುದಿಯಿಂದ ಮೂಗಿನ ಮೇಲೆ ಸರಿಮಾಡಿದಳು. ದಿನಕ್ಕೆ ಎಷ್ಟೋ ಜನಕ್ಕೆ ಮಾಡುವ ಕೆಲಸ, ಆವತ್ತು ಎರಡೆರಡು ಸಲ ಮಾಡಿದಳು. ಗಾಜಿನ ಹಿಂದೆ ಅವನ ಕಣ್ಣು ಅವಳನ್ನು ಹುಡುಕಿ ಹಿಡಿದು ಅಲ್ಲೇ ನಿಂತುಬಿಟ್ಟಿತು.

"ನೀವೇ," ಎಂದ. "ಈ ಸ್ಕ್ರೂ ತಾನಾಗಿ ಒಂದ್ಸಲನೂ ಸಡಿಲ ಆಗಿಲ್ಲ. ಪ್ರತಿ ಸಲ ನಾನೇ ಬಿಚ್ಕೊಂಡು ಬರ್ತಿದ್ದೆ. ನೀವಂದ್ರೆ ನಂಗೆ ಅಷ್ಟಿಷ್ಟ."

ಚುಕ್ಕಿ ಮೇಜಿನ ಕೆಳಗಿನಿಂದ ಕೆಂಪು ಡಬ್ಬಿ ತೆಗೆದು ಅವನ ಮುಂದಿಟ್ಟಳು. ಅವನು ಡಬ್ಬಿ ನೋಡಿದ, ಅವಳನ್ನು ನೋಡಿದ, ಮತ್ತೆ ಡಬ್ಬಿ ನೋಡಿದ.

"ಡಾಕ್ಟ್ರು..."

"ಅತ್ತೆ ಕೊಟ್ಟ ಡಿಗ್ರಿ ಅದು."

"ಹಳದಿ..."

"ನಂದೇ."

"ಅಯ್ಯಯ್ಯೋ!" ಎಂದು ತಲೆ ಹಿಡಿದು ಕುರ್ಚಿಯಲ್ಲಿ ಕುಸಿದ. "ಅಂದ್ರೆ, ನಿಮಗೋಸ್ಕರ ನಾನು ನಿಮ್ಮನ್ನೇ ಬೇಡ ಅಂದ್ನಾ?"

ಚುಕ್ಕಿ ಅಷ್ಟು ಜೋರಾಗಿ ನಕ್ಕಳು ಅಂದರೆ ಅವನಿಗೂ ನಗದೆ ವಿಧಿಯಿರಲಿಲ್ಲ. ನಗುತ್ತಲೇ, ಅವನು ಬಂದರೆ ಅದ್ದಿ ತೋರಿಸಬೇಕೆಂದು ತಂದಿದ್ದ ಫ್ಲಾಸ್ಕಿನಿಂದ ಲೋಟಕ್ಕೆ ಬಿಸಿ ಹಾಲು ಬಗ್ಗಿಸಿ ಅವನತ್ತ ಸರಿಸಿದಳು. ಅವನು ಒಂದು ಕುಕಿ ಎತ್ತಿ, ಹುಷಾರಾಗಿ ಅದ್ದಿದ, ಎರಡು ಬೆರಳಲ್ಲಿ ಹಿಡಿದು ಕಾದ, ಎತ್ತಿದ. ಇಡಿಯಾಗಿ ಮೇಲೆ ಬಂತು. ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ.

ಇನ್ನು ತಡೆಯುವುದಕ್ಕೆ ಚುಕ್ಕಿಯಿಂದ ಆಗಲಿಲ್ಲ. ಅತ್ತೆ ಇರಲಿಲ್ಲ, ಫೋಟೋ ಇರಲಿಲ್ಲ, ನಡುವೆ ಒಂದು ಲೋಟ ಹಾಲು ಬಿಟ್ಟರೆ ಯಾರೂ ಇರಲಿಲ್ಲ.

"ಹಾಗಾದ್ರೆ... ಒಪ್ಪಿಗೆನಾ?" ಎಂದಳು.

ಅವನು ಕಣ್ಣು ತೆರೆದ. ಬಾಯ್ತುಂಬ ಇದ್ದದ್ದರಿಂದ ಹೂಂ ಎನ್ನಲು ಹೊರಟವನು ಗಕ್ಕನೆ ತಡೆದುಕೊಂಡ. ತಾಳಿ ಎಂದು ಕೈ ಎತ್ತಿದ. ಅಗಿದು ನುಂಗಿದ. ಹಾಲು ಕುಡಿದು ಗಂಟಲು ಸರಿಮಾಡಿಕೊಂಡ. ತುಟಿ ಒರೆಸಿಕೊಂಡು ಎದ್ದು ನಿಂತ. ಶಾಲೆಯಲ್ಲಿ ಪಾಠ ಒಪ್ಪಿಸುವವನಂತೆ, ಒಂದೊಂದೇ ಪದ ಬಿಡಿಸಿ ಹೇಳಿದ.

"ನಾನು, ನಿಮ್ಮನ್ನ, ಮದುವೆ ಆಗ್ತೀನಿ. ಕುಕೀಸನ್ನಲ್ಲ."

"ನಾನೂ," ಎಂದಳು ಚುಕ್ಕಿ. ಅಷ್ಟಕ್ಕೇ ಬಿಟ್ಟರೆ ಅದರಲ್ಲೂ ಏನಾದರೂ ತಪ್ಪು ಹುಟ್ಟಿಕೊಂಡೀತೆಂದು ಭಯವಾಗಿ, ಪೂರ್ತಿ ಹೇಳಿದಳು. "ನಾನೂ ನಿಮ್ಮನ್ನ ಮದುವೆ ಆಗ್ತೀನಿ. ನಿಮ್ಮನ್ನೇ."

ಆಮೇಲೆ ಹೋಗಿ, ಗಿರಾಕಿಯೊಬ್ಬರು ಮೆಟ್ಟಿಲು ಹತ್ತುತ್ತಿದ್ದರೂ ಲೆಕ್ಕಿಸದೆ, ಬೆಳ್ಳಂಬೆಳಿಗ್ಗೆಯೇ ಬಾಗಿಲಿಗೆ ‘ಊಟದ ವಿರಾಮ’ ಎಂಬ ಬೋರ್ಡು ತಿರುಗಿಸಿ ಬಂದಳು.